‘ಬಹುದು’ ಎಂಬ ಮೂರಕ್ಷರ ಎಲ್ಲಿ ಕಳೆದುಹೋಗುತ್ತದೆ?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಬಸವನ ಬಾಗೇವಾಡಿ ತಾಲ್ಲೂಕು

ಎಲ್ಲರಿಗೂ ಶರಣು.

ಇಲ್ಲಿಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಕೆಲವು ಕಾಲದಿಂದ ಬಿಡದೆ ಕಾಡುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಪತ್ರಿಕೆಯ ಕೆಲಸ ಬಲ್ಲವರು, ಆಸ್ಪತ್ರೆಯಲ್ಲಿ ದುಡಿದವರು, ಹೊಲ ಮಾಡುವವರು ಯಾರೇ ಉತ್ತರಿಸಿದರೂ ಉಪಕಾರವಾಗುತ್ತದೆ.

2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಮೇಲಿಂದ ಮೇಲೆ ಭೂಮಿ ಕಂಪಿಸಿದ್ದು ಈ ಭಾಗದವರಿಗೆ ನೆನಪಿರುತ್ತದೆ. ಅವುಗಳಲ್ಲಿ ನಮ್ಮ ಊರಿನವರು ಇಂದಿಗೂ ಮಾತನಾಡುವುದು 2022ರ ಜುಲೈ 9ರ ಬೆಳಗಿನ ಕಂಪನದ ಬಗ್ಗೆ. ಕನ್ನೂರಿನ ಸುತ್ತ ಕೇಂದ್ರವಿದ್ದ ಆ ಕಂಪನದ ಅಳತೆಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 4.4 ಎಂದು ತಿಳಿಸಿತ್ತು. ಅಂದು ಒಂದು ಸುದ್ದಿವಾಹಿನಿಯಲ್ಲಿ ದಿನವಿಡೀ ‘ಕಾದಿದೆಯೇ ಮಹಾಕಂಪನ?’ ಎಂಬ ಸಾಲು ಓಡುತ್ತಿತ್ತು. ಸಂಜೆಯ ಹೊತ್ತಿಗೆ ಊರಿನ ಹತ್ತಾರು ಕುಟುಂಬಗಳು ಹಾಸಿಗೆ ಸುತ್ತಿಕೊಂಡು ನಮ್ಮ ಶಾಲೆಯ ಬಯಲಿಗೆ ಬಂದಿದ್ದವು. ಅವರಲ್ಲಿ ಒಬ್ಬ ಹಿರಿಯರು ನನ್ನನ್ನು ಕರೆದು, “ಗುರುಗಳ, ರಾತ್ರಿ ಮತ್ತ ನಡಗತೈತಿ ಅಂತ ಟಿವಿಯಾಗ ಹೇಳಾಕತ್ತಾರ, ಖರೇ ಏನ್ರಿ?” ಎಂದು ಕೇಳಿದರು. ಭೂಕಂಪವನ್ನು ಮುಂಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ, ಸಣ್ಣ ಕಂಪನ ಮತ್ತೆ ಆಗಬಹುದು, ಆಗದೆಯೂ ಇರಬಹುದು ಎಂದು ನಾನು ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, ಪಕ್ಕದವರ ಕಡೆ ತಿರುಗಿ, “ಮಾಸ್ತರಗೂ ಗೊತ್ತಿಲ್ಲಂತ” ಎಂದರು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಗೊತ್ತಿದ್ದುದರಲ್ಲಿ ಹತ್ತನೆಯ ಒಂದು ಪಾಲನ್ನೂ ಹೇಳಿರಲಿಲ್ಲ ಎಂಬುದು ಮನೆಗೆ ಹೋಗಿ ಕುಳಿತ ಮೇಲೆ ಹೊಳೆಯಿತು. ಭೂಕಂಪದ ಅಳತೆಯಲ್ಲಿ ಒಂದು ಅಂಕ ಹೆಚ್ಚಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮ ಮಾಡಿದ ಭೂಕಂಪದ ಅಳತೆ ಸುಮಾರು 6.2, ಆ ಲೆಕ್ಕದಲ್ಲಿ ಅದರ ಶಕ್ತಿ ನಮ್ಮ ಕಂಪನದ ಐನೂರು ಪಟ್ಟಿನ ಆಸುಪಾಸಿನದು. ನಮ್ಮಲ್ಲಿ ಐವತ್ತು ದಾಟಿದ ಯಾರಿಗೂ ಕಿಲ್ಲಾರಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದಕ್ಕೆ ಕಲ್ಲು-ಮಣ್ಣಿನ ದಪ್ಪ ಗೋಡೆ ಮತ್ತು ಭಾರವಾದ ಮಾಳಿಗೆಗಳೂ ಕಾರಣವಾಗಿದ್ದವು ಎಂದು ಹೇಳಿ, ಹಳೆಯ ಮನೆಯವರು ಬಯಲಿನಲ್ಲಿ ಮಲಗುವುದು ತಪ್ಪೇನಲ್ಲ, ಪಿಲ್ಲರ್ ಹಾಕಿ ಗಟ್ಟಿಯಾಗಿ ಕಟ್ಟಿದ ಮನೆಯವರಿಗೆ ಅಷ್ಟು ಅಂಜಿಕೆ ಬೇಡ ಎಂದಿದ್ದರೆ ಅದು ಅವರಿಗೆ ಉಪಯೋಗವಾಗುವ ಉತ್ತರವಾಗುತ್ತಿತ್ತು.

ಮರುದಿನದಿಂದ ಇನ್ನೊಂದು ಆಟ ಶುರುವಾಯಿತು. ಮಳೆಗಾಲದಲ್ಲಿ ನೀರು ಕಪ್ಪುಕಲ್ಲಿನ ಬಿರುಕುಗಳಿಗೆ ಇಳಿದು ಒಳಗಿನ ಒತ್ತಡ ಬದಲಾಗುವುದು ಇಂತಹ ಸಣ್ಣ ಕಂಪನಗಳಿಗೆ ಒಂದು ಕಾರಣವಾಗಿರಬಹುದು ಎಂದು ಭೂವಿಜ್ಞಾನಿಗಳು ಹೇಳುವುದುಂಟು. ಈ ಮಾತು ಪತ್ರಿಕೆಗೆ ಬರುವಾಗ ‘ಕಂಪನಕ್ಕೆ ಮಳೆ ಕಾರಣ’ ಎಂದಾಯಿತು. ಬಸ್ ನಿಲ್ದಾಣದ ಚಹಾದಂಗಡಿಗೆ ಬರುವಾಗ ಮಳೆ ಹೋಗಿ ಆಲಮಟ್ಟಿಯ ನೀರಾಯಿತು. ಜಲಾಶಯದ ನೀರಿನಿಂದ ಭೂಮಿ ಕಂಪಿಸುವುದು ಕಟ್ಟುಕಥೆಯಲ್ಲ; ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಬಳಿ 1967ರ ಡಿಸೆಂಬರಿನಲ್ಲಿ ಆದ ಭೂಕಂಪವನ್ನು ಅದಕ್ಕೆ ಜಗತ್ತೇ ಉದಾಹರಣೆಯಾಗಿ ಕೊಡುತ್ತದೆ. ಆದರೆ ಅಲ್ಲಿ ಆದದ್ದು ಇಲ್ಲಿಯೂ ಆಗಿದೆ ಎನ್ನಲು ಬೇರೆಯೇ ಪುರಾವೆ ಬೇಕು. ವಿಜ್ಞಾನಿಯ ‘ಬಹುದು’ ಮೂರು ಕೈ ದಾಟುವಷ್ಟರಲ್ಲಿ ಆಣೆಕಟ್ಟಿನ ಮೇಲಿನ ದೂರಾಗಿ ನಿಂತಿತ್ತು.

ಪದಗಳ ತೊಡಕು ಬೇರೆ ಇದೆ. ಭೂಗರ್ಭದಲ್ಲಿ ಬಿಡುಗಡೆಯಾದ ಶಕ್ತಿಯನ್ನು ಸೂಚಿಸುವ ಪರಿಮಾಣ ಒಂದು, ಒಂದೊಂದು ಊರಿಗೆ ತಟ್ಟಿದ ತೀವ್ರತೆ ಇನ್ನೊಂದು. ಡೊಳ್ಳಿನ ಮೇಲೆ ಬೀಳುವ ಏಟು ಒಂದೇ ಆದರೂ ಅದರ ಸದ್ದು ಗುಡಿಯ ಮುಂದಿನ ಮನೆಗೆ ಕೇಳುವ ಹಾಗೆ ಊರಾಚೆಯ ತೋಟದ ಮನೆಗೆ ಕೇಳುವುದಿಲ್ಲ. ನಮ್ಮ ಪತ್ರಿಕೆಗಳು ಮಾತ್ರ ‘4.4 ತೀವ್ರತೆ’ ಎಂದೇ ಬರೆಯುತ್ತವೆ. ಮಕ್ಕಳು ಅದನ್ನೇ ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಕಳೆಯುವವನು ನಾನು.

ನನ್ನ ಪ್ರಶ್ನೆ ಇಷ್ಟು. ಅನಿಶ್ಚಿತವಾದ ಸತ್ಯವನ್ನು, ಅದು ಅಜ್ಞಾನದಂತೆ ಕೇಳಿಸದ ಹಾಗೆ, ಆದರೆ ಸುಳ್ಳು ಭರವಸೆಯೂ ಆಗದ ಹಾಗೆ ಜನರಿಗೆ ಹೇಳುವುದು ಹೇಗೆ? ವಿಜ್ಞಾನಿಯ ಬಾಯಿಂದ ಹೊರಟ ‘ಬಹುದು’ ಓದುಗನ ಕಿವಿಗೆ ತಲಪುವ ಮೊದಲು ಎಲ್ಲಿ ಬಿದ್ದುಹೋಗುತ್ತದೆ?

ಉತ್ತರ 1: ನಿವೃತ್ತ ಉಪಸಂಪಾದಕ, ಬೆಳಗಾವಿ

ಗುರುಗಳೇ, ನಮಸ್ಕಾರ. ಕನ್ನಡ ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ನಿಮ್ಮ ‘ಬಹುದು’ವನ್ನು ಕೊಂದವರಲ್ಲಿ ನಾನೂ ಒಬ್ಬನಾದ್ದರಿಂದ ಕೊಲೆ ನಡೆಯುವ ಜಾಗವನ್ನು ತೋರಿಸಬಲ್ಲೆ.

ವರದಿಯ ಒಡಲಿನಲ್ಲಿ ಅದು ಸಾಮಾನ್ಯವಾಗಿ ಜೀವಂತವಾಗಿರುತ್ತದೆ. ನಾಲ್ಕನೆಯ ಪ್ಯಾರಾದವರೆಗೆ ಓದುವ ತಾಳ್ಮೆ ಇದ್ದವರಿಗೆ ಸಿಗುತ್ತದೆ. ಅದು ಸಾಯುವುದು ಶೀರ್ಷಿಕೆಯಲ್ಲಿ. ಕನ್ನಡದ ಶೀರ್ಷಿಕೆಗೆ ಕ್ರಿಯಾಪದವೇ ಬೇಡ. ‘ಕಂಪನಕ್ಕೆ ಮಳೆ ಕಾರಣ’ ಎಂದರೆ ಮಾತು ಪೂರ್ತಿಯಾಯಿತು. ಆದರೆ ಸಂಶಯದ ಭಾರವನ್ನು ನಮ್ಮ ಭಾಷೆ ಬಹುಮಟ್ಟಿಗೆ ಕ್ರಿಯಾಪದದ ಬಾಲಕ್ಕೇ ಕಟ್ಟಿದೆ: ಆಗಬಹುದು, ಆದೀತು, ಆಗಲಾರದು. ಬಾಲವನ್ನೇ ಕತ್ತರಿಸಿದ ಮೇಲೆ ಸಂಶಯ ಎಲ್ಲಿ ಕುಳಿತುಕೊಳ್ಳಬೇಕು? ‘ಕಾರಣವಾಗಿರಬಹುದು’ ಎಂಬುದಕ್ಕೆ ಒಂಬತ್ತು ಅಕ್ಷರ ಬೇಕು, ‘ಕಾರಣ’ ಎಂಬುದಕ್ಕೆ ಮೂರು ಸಾಕು. ಎರಡು ಕಾಲಂ ಅಗಲದ ಸುದ್ದಿಗೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ ಕೊಡುವವನಿಗೆ ರಾತ್ರಿ ಹನ್ನೊಂದು ಗಂಟೆಗೆ ಆ ಆರು ಅಕ್ಷರ ಬಹಳ ದೊಡ್ಡದಾಗಿ ಕಾಣುತ್ತದೆ. ಮನಸ್ಸಿಗೆ ಸ್ವಲ್ಪ ಚುಚ್ಚಿದರೆ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈತೊಳೆದುಕೊಳ್ಳುತ್ತಿದ್ದೆವು. ನೀವು ಹೇಳಿದ ‘ಕಾದಿದೆಯೇ ಮಹಾಕಂಪನ?’ ಅದೇ ವಂಶದ್ದು. ವಿಜ್ಞಾನಿಯ ‘ಬಹುದು’ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂದು ಗಡಿ ಹಾಕಿ ಹೇಳುತ್ತದೆ. ಸುದ್ದಿಮನೆಯ ಪ್ರಶ್ನಾರ್ಥಕ ಚಿಹ್ನೆ ಏನನ್ನೂ ಹೇಳದೆ ಹೆದರಿಸುತ್ತದೆ.

ಇನ್ನೊಂದು ಪದ ‘ನಂಟು’. ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡವು ಎಂಬ ಅಧ್ಯಯನ ಬಂದರೆ ‘ಅದಕ್ಕೂ ಇದಕ್ಕೂ ನಂಟು’ ಎಂದು ಬರೆಯುವ ರೂಢಿ ನಮ್ಮಲ್ಲಿ ಬೇರೂರಿದೆ. ಪದವೇನೋ ಚೆನ್ನಾಗಿದೆ. ಮದುವೆಯ ಮನೆಯಲ್ಲಿ ಕಂಡವರೆಲ್ಲ ನಂಟರೇ, ಹಾಗೆಂದು ಒಬ್ಬರು ಇನ್ನೊಬ್ಬರನ್ನು ಹೆತ್ತಿದ್ದಾರೆ ಎಂದೇನೂ ಅಲ್ಲ. ಆದರೆ ಓದುಗನು ನಂಟನ್ನು ಹೆತ್ತ ಸಂಬಂಧವೆಂದೇ ಓದಿಕೊಳ್ಳುತ್ತಾನೆ, ನಾವೂ ಅದನ್ನು ತಡೆಯುವುದಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಆರೋಗ್ಯ ಪುಟಕ್ಕೆ ವೈದ್ಯರೊಬ್ಬರು ಬರೆಯುತ್ತಿದ್ದರು. ಅನ್ನಕ್ಕೆ ಹೋಲಿಸಿದರೆ ಜೋಳದ ರೊಟ್ಟಿ ಉಂಡಾಗ ರಕ್ತದ ಸಕ್ಕರೆ ಏರುವ ವೇಗ ಕಡಿಮೆ ಇರಬಹುದು, ಆದರೆ ಇದು ಔಷಧಕ್ಕೆ ಬದಲಿಯಲ್ಲ ಎಂದು ಅವರು ಒಮ್ಮೆ ಎಚ್ಚರಿಕೆಯಿಂದ ಬರೆದಿದ್ದರು. ನಾನು ಕೊಟ್ಟ ಶೀರ್ಷಿಕೆ: ‘ಸಕ್ಕರೆ ಕಾಯಿಲೆಗೆ ರೊಟ್ಟಿಯೇ ಮದ್ದು’. ತಿಂಗಳೊಳಗೆ ನಮ್ಮ ಓಣಿಯ ಒಬ್ಬ ಹಿರಿಯರು ಮಾತ್ರೆ ಬಿಟ್ಟು ಎರಡು ಹೊತ್ತೂ ರೊಟ್ಟಿ ಉಂಡು ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದರು. ಅವರ ಹಾಸಿಗೆಯ ಪಕ್ಕದಲ್ಲಿ ನನ್ನ ಶೀರ್ಷಿಕೆಯ ತುಣುಕು ಮಡಚಿಟ್ಟದ್ದಿತ್ತು. ಲೇಖನವನ್ನು ಕತ್ತರಿಸಿ ಶೀರ್ಷಿಕೆಯನ್ನಷ್ಟೇ ಇಟ್ಟುಕೊಂಡಿದ್ದರು. ಆ ವೈದ್ಯರು ನನಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಮುಂದೆ ನಮಗೆ ಬರೆಯುವುದನ್ನು ನಿಲ್ಲಿಸಿದರು. ನಾವು ಹಾಕಿದ ಸ್ಪಷ್ಟನೆ ಒಳಪುಟದ ಮೂಲೆಯಲ್ಲಿ, ಟೆಂಡರ್ ಜಾಹೀರಾತಿನ ಪಕ್ಕ ಬಂದಿತ್ತು.

ಓದುಗರಿಗೆ ಲೆಕ್ಕ ಬೇಡ, ಜಟಿಲವಾದದ್ದು ತಿಳಿಯುವುದಿಲ್ಲ ಎಂದು ಸುದ್ದಿಮನೆಯಲ್ಲಿ ಹೇಳುವವರನ್ನು ನಾನು ಒಪ್ಪುವುದಿಲ್ಲ. ಕೃಷ್ಣೆಯ ದಂಡೆಯ ಊರುಗಳಲ್ಲಿ ಜುಲೈ ಬಂದರೆ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಆಲಮಟ್ಟಿಯ ಮಟ್ಟವನ್ನು. ಗರಿಷ್ಠ ಮಟ್ಟ 519.60 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 123 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಒಳಹರಿವು ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ), ಹೊರಹರಿವು ಇಷ್ಟು ಎಂಬುದನ್ನು ದಶಮಾಂಶ ಸಮೇತ ಓದಿ, ತನ್ನ ಹೊಲದ ಮೋಟಾರನ್ನು ಇಂದು ಎತ್ತಬೇಕೇ ನಾಳೆ ಎತ್ತಬೇಕೇ ಎಂದು ನಿರ್ಧರಿಸುವ ರೈತ ಎಷ್ಟೋ ಜನ ಪದವೀಧರರಿಗಿಂತ ಚೆನ್ನಾಗಿ ಅಂಕಿ ಓದಬಲ್ಲ. ಎರಡು ಲಕ್ಷ ಕ್ಯೂಸೆಕ್ ಒಂದು ದಿನವಿಡೀ ಹರಿದರೆ ಹದಿನೇಳು ಟಿಎಂಸಿಗೂ ಸ್ವಲ್ಪ ಹೆಚ್ಚು ಎಂಬ ಗುಣಾಕಾರವನ್ನು ಬಾಯಿಲೆಕ್ಕದಲ್ಲಿ ಮಾಡುವವರನ್ನು ನಾನು ಜಮಖಂಡಿಯ ಕಡೆ ಕಂಡಿದ್ದೇನೆ. ಬದುಕಿಗೆ ತಾಗುವ ಅಂಕಿಯನ್ನು ನಮ್ಮ ಜನ ಓದುತ್ತಾರೆ. ತಾಗುತ್ತದೆ ಎಂದು ತೋರಿಸಿಕೊಡುವ ಕೆಲಸ ಬರೆಯುವವನದು.

ನಿಮ್ಮಿಂದ ಆಗಬಹುದಾದದ್ದನ್ನು ಕೇಳಿದರೆ ಒಂದೇ ಹೇಳುತ್ತೇನೆ. ಕಂಪನವಾದ ದಿನ ತಾಲ್ಲೂಕಿನ ವರದಿಗಾರನಿಗೆ ಸಿಕ್ಕುವವರು ತಹಶೀಲ್ದಾರರು, ಶಾಸಕರು ಮತ್ತು ಓಡಿಬಂದ ಜನ. ರಾತ್ರಿ ಎಂಟರ ನಂತರ ಫೋನ್ ಎತ್ತಿ, ‘ಇದು ಪರಿಮಾಣ, ಇದು ತೀವ್ರತೆ, ಈ ವಾಕ್ಯವನ್ನು ಹೀಗೆ ಬರೆಯಿರಿ’ ಎಂದು ಹೇಳುವ ವಿಜ್ಞಾನ ಬಲ್ಲವರು ಯಾರೂ ಅವನಿಗೆ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ತಪ್ಪು ಹುಡುಕುವವರು ಮಾತ್ರ ಬಹಳ ಜನ ಸಿಗುತ್ತಾರೆ.

ಉತ್ತರ 2: ಶುಶ್ರೂಷಾ ವಿಭಾಗದ ಬೋಧಕಿ, ಗೋಕಾಕ

ಗುರುಗಳಿಗೂ ಹಿರಿಯರಿಗೂ ನಮಸ್ಕಾರ. ‘ಅಜ್ಞಾನದಂತೆ ಕೇಳಿಸದ ಅನಿಶ್ಚಿತತೆ’ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು, ಏಕೆಂದರೆ ಹೆರಿಗೆ ಕೋಣೆಯಲ್ಲಿ ನಮ್ಮ ಮಾತೆಲ್ಲ ಅದೇ ಆಗಿರುತ್ತದೆ. ನನ್ನ ವಿದ್ಯಾರ್ಥಿನಿಯರಿಗೆ ಪ್ರತಿವರ್ಷ ಹೇಳುವ ಒಂದು ಅಧ್ಯಯನವನ್ನು ಇಲ್ಲಿಯೂ ಹೇಳುತ್ತೇನೆ. ಅದು ಎಲ್ಲಿಯೋ ನಡೆದದ್ದಲ್ಲ, ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದದ್ದು.

ಹೆರಿಗೆಯ ನಂತರ ಅತಿಯಾದ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಇದೆ, ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರು ಬೇಕು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾಗುವ ಹಳ್ಳಿಯ ಹೆಣ್ಣುಮಗಳಿಗೆ, ಸಹಾಯಕ ಶುಶ್ರೂಷಕಿಯೇ ಬಾಯಿಯ ಮೂಲಕ ಕೊಡಬಹುದಾದ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಪ್ರಯೋಜನವಾಗುತ್ತದೆಯೇ ಎಂದು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರೂ ಅಮೆರಿಕದ ಸಂಶೋಧಕರೂ ಸೇರಿ 2002ರಿಂದ 2005ರವರೆಗೆ ಪರೀಕ್ಷಿಸಿದರು. ಒಟ್ಟು 1,620 ತಾಯಂದಿರು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ನೋಡಲು ಅದರಂತೆಯೇ ಇದ್ದ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಬಂತೆಂಬುದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡವರಿಗೂ ಗೊತ್ತಿರಲಿಲ್ಲ. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳದೆ, ಗುರುತು ಹಾಕಿದ ಚೀಲವಿರುವ ಹಾಳೆಯನ್ನು ತಾಯಿಯ ಕೆಳಗೆ ಹಾಸಿ ಅಳೆದರು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಈಗ ಆ ಫಲಿತಾಂಶವನ್ನು ಹೇಗೆ ಹೇಳೋಣ? ‘ಮಾತ್ರೆಯಿಂದ ರಕ್ತಸ್ರಾವ ಅರ್ಧಕ್ಕೆ ಇಳಿಕೆ’ ಎನ್ನಬಹುದು, ಅದು ಸುಳ್ಳಲ್ಲ. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಅತಿಯಾದ ರಕ್ತಸ್ರಾವವಾಯಿತು, ಔಷಧ ಪಡೆದವರಲ್ಲಿ ನೂರಕ್ಕೆ 6.4. ತೀರ ಗಂಭೀರವಾದದ್ದು ನೂರಕ್ಕೆ 1.2ರಿಂದ 0.2ಕ್ಕೆ ಇಳಿಯಿತು, ಇದನ್ನು ‘ಆರುಪಟ್ಟು ಇಳಿಕೆ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದರೆ ಅದೂ ಲೆಕ್ಕಕ್ಕೆ ಸರಿಯೇ. ಆದರೆ ನಾನು ವಿದ್ಯಾರ್ಥಿನಿಯರಿಗೆ ಹೇಳುವ ಕ್ರಮ ಬೇರೆ: ಹದಿನೆಂಟು ಬಾಣಂತಿಯರಿಗೆ ಈ ಮಾತ್ರೆ ಕೊಟ್ಟರೆ ಅವರಲ್ಲಿ ಒಬ್ಬಳಿಗೆ ಆಗಬಹುದಾಗಿದ್ದ ಅತಿಯಾದ ರಕ್ತಸ್ರಾವ ತಪ್ಪುತ್ತದೆ, ಉಳಿದ ಹೆಚ್ಚಿನವರಿಗೆ ಮಾತ್ರೆ ಇಲ್ಲದಿದ್ದರೂ ಅದು ಆಗುತ್ತಿರಲಿಲ್ಲ, ಒಬ್ಬಿಬ್ಬರಿಗೆ ಮಾತ್ರೆ ಕೊಟ್ಟರೂ ಆಗುತ್ತದೆ, ಮತ್ತು ಆ ಒಬ್ಬಳು ಯಾರೆಂದು ನಮಗೆ ಮೊದಲೇ ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲರಿಗೂ ಕೊಡುತ್ತೇವೆ. ಇಲ್ಲಿ ಅನಿಶ್ಚಿತತೆ ಪೂರ್ತಿಯಾಗಿ ಇದೆ, ಆದರೆ ಕೇಳಿದವರು ‘ಸಿಸ್ಟರ್‌ಗೆ ಗೊತ್ತಿಲ್ಲ’ ಎನ್ನುವುದಿಲ್ಲ.

ಇನ್ನೊಂದು ವಿಷಯವಿದೆ. ಆ ಔಷಧ ಪಡೆದವರಲ್ಲಿ ಹೆಚ್ಚು ಜನರಿಗೆ ಸ್ವಲ್ಪ ಹೊತ್ತು ನಡುಕ ಮತ್ತು ಜ್ವರ ಬಂದವು. ನಮ್ಮಲ್ಲಿ ಬಾಣಂತಿಗೆ ಚಳಿ ಹತ್ತಿತೆಂದರೆ ಮನೆಯವರ ಎದೆ ಒಡೆಯುತ್ತದೆ. ಸನ್ನಿ ಎಂದೇ ತಿಳಿಯುತ್ತಾರೆ. ಮೊದಲೇ ಹೇಳಿಟ್ಟರೆ ಅತ್ತೆಯೇ ಕಂಬಳಿ ಹಿಡಿದು ನಿಂತಿರುತ್ತಾರೆ. ಹೇಳದೆ ಇದ್ದರೆ ಅದೇ ಅತ್ತೆ ಮುಂದಿನ ಸೊಸೆಗೆ ಆ ಮಾತ್ರೆ ಮುಟ್ಟಗೊಡುವುದಿಲ್ಲ. ಸುದ್ದಿಯಲ್ಲಿ ‘ಅರ್ಧಕ್ಕೆ ಇಳಿಕೆ’ ಉಳಿಯುತ್ತದೆ, ನಡುಕ ಉಳಿಯುವುದಿಲ್ಲ. ನನಗೆ ಮಾಧ್ಯಮದ ಮೇಲಿರುವ ತಕರಾರು ಅದೊಂದೇ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪ್ರತಿವರ್ಷ ತರಗತಿಯಲ್ಲಿ ‘ಈ ಅಧ್ಯಯನ ಯಾವ ದೇಶದಲ್ಲಿ ನಡೆದಿರಬೇಕು?’ ಎಂದು ಕೇಳುತ್ತೇನೆ. ಅಮೆರಿಕ ಎನ್ನುತ್ತಾರೆ, ಇಂಗ್ಲೆಂಡ್ ಎನ್ನುತ್ತಾರೆ. ಬೆಳಗಾವಿ ಎಂದ ಹುಡುಗಿ ಇದುವರೆಗೆ ಸಿಕ್ಕಿಲ್ಲ.

ಉತ್ತರ 3: ಇತಿಹಾಸ ಉಪನ್ಯಾಸಕ, ವಿಜಯಪುರ

ಸರ್, ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ‘ಬಹುದು’ವನ್ನು ಅಳಿಸುವವರು ಪತ್ರಕರ್ತರು ಮಾತ್ರವೇ? ಭಾಸ್ಕರಾಚಾರ್ಯ ಹುಟ್ಟಿದ್ದು ನಮ್ಮ ವಿಜಯಪುರದಲ್ಲಿ ಎಂದು ನಮ್ಮ ಸಭೆಗಳಲ್ಲಿ, ಶಾಲೆಯ ಗೋಡೆಗಳ ಮೇಲೆ, ಪತ್ರಿಕೆಗಳ ವಿಶೇಷ ಸಂಚಿಕೆಗಳಲ್ಲಿ ಎಷ್ಟು ಸಲ ಬರೆದಿಲ್ಲ? 1114ರಲ್ಲಿ ಹುಟ್ಟಿದ ಅವನು ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರ ಎಂಬುದು ಒಂದು ಅಭಿಪ್ರಾಯ. ಮಹಾರಾಷ್ಟ್ರದ ಚಾಳೀಸಗಾಂವದ ಬಳಿಯ ಪಾಟಣದಲ್ಲಿ ಅವನ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳ ಅಧ್ಯಯನಕ್ಕೆ ಮಠ ಕಟ್ಟಿಸಿದ 1207ರ ಶಾಸನವಿದ್ದು, ಅದನ್ನು ಹಿಡಿದು ಊರು ಆ ಕಡೆಯದು ಎನ್ನುವ ವಿದ್ವಾಂಸರೂ ಇದ್ದಾರೆ. ಸಹ್ಯಾದ್ರಿ ನಮ್ಮ ನಗರಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ನಕ್ಷೆ ನೋಡಿ ನೀವೇ ಹೇಳಿ. ನನಗೂ ಅವನು ನಮ್ಮವನಾಗಲಿ ಎಂಬ ಆಸೆಯೇ ಇದೆ. ಆದರೆ ಒಂದು ಸಭೆಯಲ್ಲಿ ನಾನು ‘ಇರಬಹುದು’ ಎಂದದ್ದಕ್ಕೆ ಮುಂದಿನ ಸಾಲಿನವರು ಎದ್ದು ನಿಂತು ಊರಿಗೆ ಅವಮಾನ ಮಾಡಿದೆ ಎಂದರು.

ಚಂದ್ರಯಾನ-3ರ ವಿಷಯವೂ ಹೀಗೆಯೇ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದದ್ದು ದಕ್ಷಿಣಕ್ಕೆ ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿಂದ ಚಂದ್ರನ ದಕ್ಷಿಣ ಧ್ರುವ ಇನ್ನೂ ಆರುನೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಅದಕ್ಕೂ ಮೊದಲು ಧ್ರುವದ ಅಷ್ಟು ಸಮೀಪ ಯಾರೂ ಮೆಲ್ಲಗೆ ಇಳಿದಿರಲಿಲ್ಲ ಎಂಬ ನಿಜವೇ ಬೇಕಾದಷ್ಟು ದೊಡ್ಡದು. ಆದರೂ ‘ಧ್ರುವದಲ್ಲೇ ಇಳಿದೆವು’ ಎನ್ನದಿದ್ದರೆ ನಮಗೆ ತೃಪ್ತಿಯಿಲ್ಲ. ಹಾಗೆ ಬರೆದ ಪತ್ರಿಕೆಯನ್ನು ಹಂಚಿಕೊಂಡವರು ನಾವೇ.

ಉತ್ತರ 4: ರೈತ, ಹುನಗುಂದ ತಾಲ್ಲೂಕು

ಗುರುಗಳೇ, ಶರಣು. ಎರಿ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಮಾಡುವವನು ನಾನು. ಅನಿಶ್ಚಿತವಾದದ್ದನ್ನು ಜನರಿಗೆ ಹೇಳುವುದು ಕಷ್ಟ ಎಂದು ನೀವೆಲ್ಲ ಬರೆದಿದ್ದೀರಿ. ಒಕ್ಕಲುತನ ಮಾಡುವವನು ಹುಟ್ಟಿದಾಗಿನಿಂದ ‘ಬಹುದು’ ಎಂಬುದರ ಜೊತೆಗೇ ವ್ಯವಹಾರ ಮಾಡುತ್ತಾನೆ. ಹಸ್ತದ ಮಳೆ ಆಗಬಹುದು ಎಂದು ನಂಬಿ ಬೀಜ-ಗೊಬ್ಬರಕ್ಕೆ ಸಾಲ ಎತ್ತುವವನಿಗೆ ಆ ಪದ ಹೊಸದಲ್ಲ. ಆ ‘ಬಹುದು’ ಎಷ್ಟು ಬೆಲೆ ಬಾಳುತ್ತದೆ ಎಂದು ಯಾರೂ ಹೇಳುವುದಿಲ್ಲ, ಅದು ನಮ್ಮ ತೊಂದರೆ.

ಹವಾಮಾನ ಇಲಾಖೆಯವರು ‘ಒಂದೆರಡು ಕಡೆ ಮಳೆ’ ಎಂದಾಗ ಮೊದಲೆಲ್ಲ ನಾವು ನಗುತ್ತಿದ್ದೆವು. ಎಲ್ಲಿಯಾದರೂ ಬಿದ್ದರೆ ತಾವು ಗೆದ್ದೆವು ಎನ್ನುವವರ ಜಾಣತನ ಎಂದು ತಿಳಿದಿದ್ದೆವು. ಕೃಷಿ ವಿಜ್ಞಾನ ಕೇಂದ್ರದ ತರಬೇತಿಯೊಂದರಲ್ಲಿ ಅದಕ್ಕೊಂದು ಅಳತೆಯಿದೆ ಎಂದು ಗೊತ್ತಾಯಿತು. ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆ ನಿರೀಕ್ಷೆ ಇದ್ದರೆ ‘ಒಂದೆರಡು ಕಡೆ’, 26ರಿಂದ 50 ಇದ್ದರೆ ‘ಕೆಲವು ಕಡೆ’, 51ರಿಂದ 75 ಇದ್ದರೆ ‘ಹಲವು ಕಡೆ’, ಅದರ ಮೇಲಿದ್ದರೆ ‘ಬಹುತೇಕ ಕಡೆ’. ಇದು ಗೊತ್ತಾದ ದಿನದಿಂದ ನಾನು ಆ ಸಾಲನ್ನು ಬೇರೆಯಾಗಿ ಓದುತ್ತೇನೆ. ‘ಒಂದೆರಡು ಕಡೆ’ ಎಂದರೆ ರಾಶಿ ಮಾಡಿದ ಕಡಲೆಯನ್ನು ತಾಡಪತ್ರಿ ಹೊಚ್ಚಿ ಹೊಲದಲ್ಲೇ ಬಿಡುತ್ತೇನೆ. ‘ಹಲವು ಕಡೆ’ ಎಂದರೆ ಟ್ರ್ಯಾಕ್ಟರ್ ಬಾಡಿಗೆ ಎಷ್ಟಾದರೂ ಸರಿ, ಮನೆಗೆ ಸಾಗಿಸುತ್ತೇನೆ. ಸಂಶಯವಿದ್ದಾಗ ಮಳೆಯ ಮಾಹಿತಿ ಕೊಡುವ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡುತ್ತೇನೆ. ಈ ನಾಲ್ಕು ಪದಗಳ ಅರ್ಥವನ್ನು ಪತ್ರಿಕೆಯವರು ಮುನ್ಸೂಚನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ನಿತ್ಯ ಹಾಕಿದರೆ ಎಷ್ಟು ಜಾಗ ಹೋದೀತು?

ಹಾಗೆಯೇ ಬೇಸಿಗೆಯಲ್ಲಿ ಬರುವ ‘ಈ ಸಲ ವಾಡಿಕೆ ಮಳೆ’ ಎಂಬ ಸುದ್ದಿ. ಅದು ಇಡೀ ದೇಶದ ನಾಲ್ಕು ತಿಂಗಳ ಸರಾಸರಿಯ ಮಾತು, 87 ಸೆಂಟಿಮೀಟರಿನ ನೂರಕ್ಕೆ 96ರಿಂದ 104ರೊಳಗೆ ಬಂದರೆ ವಾಡಿಕೆ ಎನ್ನುತ್ತಾರೆ. ಚಿರಾಪುಂಜಿಯ ಮಳೆಯೂ ಜೈಸಲ್ಮೇರಿನ ಬಿಸಿಲೂ ಸೇರಿದ ಆ ಸರಾಸರಿಯಿಂದ ಹುನಗುಂದದವನು ಏನು ತಿಳಿದುಕೊಳ್ಳಬೇಕು? ಸುದ್ದಿ ಬಂದ ಮರುದಿನ ಬೀಜದ ಅಂಗಡಿಯಲ್ಲಿ ಗದ್ದಲ ಮಾತ್ರ ಆಗುತ್ತದೆ.

ಇನ್ನೊಂದು ಮಾತು. ನಮ್ಮ ಭಾಗದ ಜಾತ್ರೆಗಳಲ್ಲಿ ಕಾರಣಿಕ ನುಡಿಯುತ್ತಾರೆ. ಅದರ ಮೇಲೆ ನನಗೆ ಭಕ್ತಿಯಿದೆ, ಹಗುರವಾಗಿ ಮಾತನಾಡುತ್ತಿಲ್ಲ. ಆದರೆ ಅದು ಒಗಟಿನ ಮಾತು. ಮಳೆಯಾದರೆ ಒಂದು ಅರ್ಥ, ಆಗದಿದ್ದರೆ ಇನ್ನೊಂದು ಅರ್ಥ ಹೊರಡುತ್ತದೆ, ಆದ್ದರಿಂದ ಎಂದೂ ತಪ್ಪಾಗುವುದಿಲ್ಲ. ಹವಾಮಾನ ಇಲಾಖೆಯ ಮಾತು ಮರುದಿನ ಸಂಜೆಗೇ ತಪ್ಪಾಗಬಲ್ಲದು. ಟಿವಿಯವರು ಎರಡನ್ನೂ ಒಂದೇ ಧ್ವನಿಯಲ್ಲಿ ಓದುತ್ತಾರೆ, ನಾವು ತಪ್ಪಾಗಬಲ್ಲವನನ್ನೇ ನೋಡಿ ನಗುತ್ತೇವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಶರಣು. ಉತ್ತರಗಳನ್ನು ಮುದ್ರಿಸಿ ಶಾಲೆಗೆ ಒಯ್ದಿದ್ದೆ.

ಬೆಳಗಾವಿಯ ಹಿರಿಯರು ಹೇಳಿದಂತೆ ನಮ್ಮ ತಾಲ್ಲೂಕಿನ ಒಬ್ಬ ವರದಿಗಾರರನ್ನು ಭೇಟಿಯಾದೆ. ಪರಿಮಾಣ, ತೀವ್ರತೆಗಳ ವ್ಯತ್ಯಾಸವನ್ನು ಅವರು ಐದು ನಿಮಿಷದಲ್ಲಿ ಅರ್ಥ ಮಾಡಿಕೊಂಡರು. ಆದರೆ ತಾವು ‘ಪರಿಮಾಣ’ ಎಂದು ಬರೆದು ಕಳುಹಿಸಿದರೂ ಡೆಸ್ಕಿನಲ್ಲಿ ಅದು ‘ತೀವ್ರತೆ’ ಆಗಿಯೇ ಅಚ್ಚಾಗುತ್ತದೆ ಎಂದು ನಕ್ಕರು. ರಾತ್ರಿ ಹತ್ತರವರೆಗೆ ಫೋನ್ ಎತ್ತುತ್ತೇನೆ ಎಂದು ಹೇಳಿ ನಂಬರ್ ಕೊಟ್ಟು ಬಂದಿದ್ದೇನೆ. ಇದುವರೆಗೆ ಒಂದು ಕರೆ ಬಂದಿದೆ, ಅದೂ ಹಾವಿನ ಬಗ್ಗೆ.

ಉಪನ್ಯಾಸಕರ ಮಾತು ನನಗೂ ತಾಗಿತು. ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ಭಾಸ್ಕರಾಚಾರ್ಯರ ಚಿತ್ರದ ಕೆಳಗೆ ‘ಜನನ: ವಿಜಯಪುರ’ ಎಂದು ಬರೆಸಿದವನು ನಾನೇ. ಅದರ ಮುಂದೆ ‘ಎಂದು ಕೆಲವರ ಅಭಿಪ್ರಾಯ’ ಎಂದು ಸೇರಿಸಲು ಪೇಂಟರನ್ನು ಕರೆಸಬೇಕಾಗಿದೆ; ಮುಖ್ಯ ಗುರುಗಳು ಇನ್ನೂ ಒಪ್ಪಿಲ್ಲ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ಎರಡು ವಾರದ ಪತ್ರಿಕೆಗಳಿಂದ ವಿಜ್ಞಾನ, ಆರೋಗ್ಯ, ಹವಾಮಾನದ ಶೀರ್ಷಿಕೆಗಳನ್ನು ಕತ್ತರಿಸಿ ತಂದು, ವರದಿಯನ್ನು ಪೂರ್ತಿ ಓದಿ, ಬಿದ್ದುಹೋದ ‘ಬಹುದು’ವನ್ನು ಮರಳಿ ಹಚ್ಚಲು ಹೇಳಿದೆ. ಹದಿನೆಂಟು ತುಣುಕುಗಳು ಬಂದವು. ಮೊದಲ ದಿನ ಎಲ್ಲದಕ್ಕೂ ಕಣ್ಣುಮುಚ್ಚಿ ‘ಬಹುದು’ ಅಂಟಿಸಿದರು. ‘ನಾಳೆ ಚಂದ್ರಗ್ರಹಣ’ ಎಂಬುದನ್ನೂ ಒಬ್ಬ ‘ಆಗಬಹುದು’ ಮಾಡಿದ್ದ. ಗ್ರಹಣವನ್ನು ನೂರು ವರ್ಷ ಮುಂಚೆಯೇ ನಿಮಿಷದ ಲೆಕ್ಕಕ್ಕೆ ಹೇಳಬಹುದು, ಭೂಕಂಪವನ್ನು ನಿಮಿಷ ಮುಂಚೆಯೂ ಹೇಳಲಾಗದು, ಎರಡೂ ವಿಜ್ಞಾನವೇ ಎಂದು ವಿವರಿಸಲು ಒಂದು ಪೂರ್ತಿ ಪಿರಿಯಡ್ ಬೇಕಾಯಿತು. ಆ ಪಿರಿಯಡ್ ವ್ಯರ್ಥವಾಗಲಿಲ್ಲ ಎಂದು ನನ್ನ ಅನಿಸಿಕೆ, ಏಕೆಂದರೆ ಮರುದಿನ ಒಬ್ಬ ಹುಡುಗಿ ತನ್ನ ತುಣುಕನ್ನು ಹಿಡಿದು ಬಂದು, “ಸರ್, ಇದಕ್ಕ ಎಷ್ಟು ಬಹುದು ಹಚ್ಚಬೇಕ್ರಿ?” ಎಂದು ಕೇಳಿದಳು.

ಅವಳ ತುಣುಕಿನ ಶೀರ್ಷಿಕೆ ‘ರಕ್ತಹೀನತೆಗೆ ಬೆಲ್ಲದ ಚಹಾ ರಾಮಬಾಣ’ ಎಂಬುದು. ವರದಿಯಲ್ಲಿ ಎಷ್ಟು ಜನರಿಗೆ ಕೊಟ್ಟು ನೋಡಿದರು, ಕೊಡದವರ ಜೊತೆ ಹೋಲಿಸಿದರೇ, ರಕ್ತ ಪರೀಕ್ಷೆ ಮಾಡಿದರೇ ಎಂಬ ಯಾವ ವಿವರವೂ ಇಲ್ಲ. ಅವಳ ತಾಯಿಗೆ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಮಾತ್ರೆಗಳು ಮನೆಯಲ್ಲಿ ಹಾಗೆಯೇ ಉಳಿದಿವೆಯಂತೆ. ಗೋಕಾಕದ ಅಕ್ಕನವರೇ, ಆ ತಾಯಿಗೆ ಏನೆಂದು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂಬುದನ್ನು ನೀವು ಬರೆದು ತಿಳಿಸಿದರೆ ಸೋಮವಾರ ಆ ಹುಡುಗಿಯ ಕೈಯಲ್ಲಿ ಕಳುಹಿಸುತ್ತೇನೆ.